ನೀರಿಳಿಸಿದ ರೇನ್‌ಕೋಟು

"ನನ್ನ ಮನೆಯವರ ಮೈ ಮೇಲೆ ಇನ್ನೊಬ್ಬರು ಮಾಡಿದ ರೇನ್‌ಕೋಟು ಬೀಳೋದಾದ್ರೆ ನಾನು ಸೂಜಿ ಹಿಡಿಯೋದನ್ನೇ ಬಿಡ್ತೀನಿ."

ನೆರಳಪ್ಪ ಊಟದ ಮೇಜಿನ ಮುಂದೆ ಎದ್ದು ನಿಂತು ಹೀಗೆ ಘೋಷಿಸಿದಾಗ ಯಾರೂ ತಲೆ ಎತ್ತಲಿಲ್ಲ. ಹೆಂಡತಿ ಭೂಪಟದ ಮೇಲೆ ಬಾಗಿದ್ದಳು. ಮಗಳು ಮೊಬೈಲಿನ ಮೇಲೆ ಬಾಗಿದ್ದಳು. ಅತ್ತೆ ತಟ್ಟೆಯ ಮೇಲೆ ಬಾಗಿದ್ದರು. ಇಡೀ ಘೋಷಣೆಯನ್ನು ಮುಖ ಕೊಟ್ಟು ಕೇಳಿಸಿಕೊಂಡದ್ದು ಗೋಡೆ ಗಡಿಯಾರವೊಂದೇ.

ನೆರಳಪ್ಪ ಎಂಬುದು ಅವನ ನಿಜವಾದ ಹೆಸರಲ್ಲ. ಅಂಗಡಿಗಳ ಮುಂದೆ ಬಿಸಿಲಿಗೆ ಅಡ್ಡಲಾಗಿ ಪಟ್ಟೆ ಪಟ್ಟೆಯ ಬಟ್ಟೆ ಛಾವಣಿಗಳು ಚಾಚಿಕೊಂಡಿರುತ್ತವಲ್ಲ, ಅವನ್ನು ಹೊಲಿಯುವುದು ಅವನ ಕಸುಬು. ಔಷಧಿ ಅಂಗಡಿಯಿಂದ ಹಿಡಿದು ಚಪ್ಪಲಿ ಅಂಗಡಿಯವರೆಗೆ ಬೀದಿಯ ವ್ಯಾಪಾರವೆಲ್ಲ ಅವನ ನೆರಳಿನಲ್ಲೇ ನಡೆಯುತ್ತಿದ್ದುದರಿಂದ ಬೀದಿಯವರೇ ಈ ಹೆಸರಿಟ್ಟಿದ್ದರು. ಅವನಿಗೂ ಒಳಗೊಳಗೇ ಅದರ ಹೆಮ್ಮೆ.

ಹೆಂಡತಿ ಭೂಗೋಳದ ಟೀಚರು. ಮದುವೆಗೆ ಮೊದಲಿನಿಂದಲೂ ಪ್ರತಿ ವರ್ಷ ಕರಿಹಲಗೆಯ ಮೇಲೆ ಜ್ವಾಲಾಮುಖಿ ಬರೆದು, ಕೆಂಪು ಸೀಮೆಸುಣ್ಣದಲ್ಲಿ ಲಾವಾ ಹರಿಸಿ, ಗಂಟೆ ಹೊಡೆದ ಕೂಡಲೇ ಅದನ್ನು ಡಸ್ಟರಿನಿಂದ ಒರೆಸಿ ಬರುತ್ತಿದ್ದವಳು. ಒಂದು ದಿನ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಮಿಸ್, ನೀವು ನಿಜವಾದ್ದು ನೋಡಿದೀರಾ?" ಎಂದು ಕೇಳಿಬಿಟ್ಟಳು. ಟೀಚರು ಮನೆಗೆ ಬಂದವಳೇ ಕೈಯ ಸುಣ್ಣದ ಪುಡಿ ಕೂಡ ತೊಳೆಯದೆ ಹೇಳಿದಳು:

"ಈ ಸಲ ರಜಕ್ಕೆ ಹೋಗೋದೇ. ಸಮಭಾಜಕ ವೃತ್ತದ ಹತ್ತಿರ. ಮೇಲೆ ಜ್ವಾಲಾಮುಖಿ, ಬುಡದಲ್ಲಿ ಮಳೆಕಾಡು. ನಾಲ್ಕೂ ಜನ."

"ಜ್ವಾಲಾಮುಖಿ ನೋಡೋಕೆ ಅಷ್ಟು ದೂರ ಯಾಕೆ" ಎಂಬ, ಲೋಕದ ಗಂಡಂದಿರೆಲ್ಲ ಆಡಿ ಆಡಿ ಸವೆಸಿದ ಮಾತು ನೆರಳಪ್ಪನ ನಾಲಿಗೆಯ ತುದಿಯವರೆಗೂ ಬಂತು. ಅವಳ ಮುಖ ನೋಡಿ ನುಂಗಿಕೊಂಡ. ಆ ಮುಖದಲ್ಲಿ ಅಷ್ಟೊಂದು ಆಸೆ ಕಂಡು ಎಷ್ಟೋ ಕಾಲವಾಗಿತ್ತು.

ಟಿಕೆಟ್ಟು, ವೀಸಾ, ಚುಚ್ಚುಮದ್ದು, ಉಳಿದುಕೊಳ್ಳುವ ಮರದ ಮನೆ, ಕಾಡು ತೋರಿಸುವ ಗೈಡು, ಎಲ್ಲವನ್ನೂ ಅವಳೇ ತಲೆಗೆ ಹಚ್ಚಿಕೊಂಡಳು. ಗಂಡನಿಗೆ ವಹಿಸಿದ್ದು ಒಂದೇ ಕೆಲಸ.

"ನಾಲ್ಕು ರೇನ್‌ಕೋಟು ತಗೊಂಬನ್ನಿ. ಅಂಗಡಿಗೆ ಹೋಗೋದು, ಸೈಜು ಹೇಳೋದು, ತರೋದು. ಅಷ್ಟೇ."

ಅವನು ಹೋದ. ಅಂಗಡಿಯಾಕೆ ಕೊಟ್ಟ ರೇನ್‌ಕೋಟನ್ನು ಎತ್ತಿ ಬೆಳಕಿಗೆ ಹಿಡಿದ. ಈರುಳ್ಳಿ ಸಿಪ್ಪೆಯಂಥ ಆ ಬಟ್ಟೆಯ ಆಚೆ ಅಂಗಡಿಯಾಕೆಯ ಮುಖ, ಮೂಗುತಿಯ ಸಮೇತ, ಸ್ಪಷ್ಟವಾಗಿ ಕಾಣಿಸಿತು.

"ಇದರ ಹೊಲಿಗೆ ಎಲ್ಲಿ?"

"ಹೊಲಿಗೆ ಇಲ್ಲ ಸರ್. ಅಂಟಿಸಿರೋದು."

"ಬಟ್ಟೇನ ಯಾರಾದ್ರೂ ಅಂಟಿಸ್ತಾರೇನ್ರೀ? ಇದೇನು ಅಂಚೆ ಚೀಟೀನಾ?"

ತನ್ನ ಕಸುಬನ್ನೇ ನಡುಬೀದಿಯಲ್ಲಿ ಬೈದಂತಾಯಿತು ಅವನಿಗೆ. ಬರಿಗೈಯಲ್ಲಿ ಮನೆಗೆ ಬಂದ. ಬಂದು ಮಾಡಿದ್ದೇ ಮೇಲೆ ಹೇಳಿದ ಘೋಷಣೆ.

"ನಿಮಗೆ ಕೊಟ್ಟಿದ್ದು ತರೋ ಕೆಲಸ. ಹೊಲಿಯೋ ಕೆಲಸ ಅಲ್ಲ," ಎಂದಳು ಹೆಂಡತಿ ಭೂಪಟದಿಂದ ಬೆರಳು ತೆಗೆಯದೆ.

"ಮಳೆಕಾಡು ಅಂದ್ರೆ ಏನು? ಮಳೆ ಬಂದು ಬಂದು ಕಾಡೋದು. ಅದಕ್ಕೆ ಅಂಟಿಸಿದ್ದು ಸಾಕಾಗತ್ತಾ?"

"ಅಪ್ಪ, ಅಲ್ಲಿ ಜಿಗಣೆ ಇರ್ತಾವಂತೆ," ಎಂದಳು ಮಗಳು. "ಕಾಲಿಂದ ಹತ್ತಿ ಬಟ್ಟೆ ಒಳಗೆ ಹೋಗಿಬಿಡ್ತಾವಂತೆ."

"ಹೋಗ್ಲಿ, ನೋಡೇಬಿಡೋಣ," ಎಂದ ನೆರಳಪ್ಪ. ಸಮಭಾಜಕ ವೃತ್ತದ ಜಿಗಣೆಗಳ ಮೇಲೆ ಯುದ್ಧ ಸಾರಿದ್ದಾಯಿತು.

ಮಾರನೆಯ ದಿನವೇ ಅವನ ಕಾರ್ಖಾನೆಯ ಉದ್ದ ಮೇಜಿನ ಮೇಲೆ ಹಸಿರು ಬಿಳಿ ಪಟ್ಟೆಯ ಛಾವಣಿ ಬಟ್ಟೆ ಹರಡಿಕೊಂಡಿತು. ಮೇಣ ಹಚ್ಚಿದ, ಮಡಿಸಿದರೆ ಲಟಕ್ಕೆಂದು ಸದ್ದು ಮಾಡುವ ಬಟ್ಟೆ. ಕತ್ತಿನಿಂದ ಕಣಕಾಲಿನವರೆಗೆ ಚೀಲದಂತೆ ಇಳಿಯುವ ಕೋಟಿನ ಅಂಚನ್ನು ಎರಡೆರಡು ಸಲ ಮಡಿಸಿ ಹೊಲಿದ. ಹೊಲಿಗೆಯ ಮೇಲೆ ಮತ್ತೆ ಮೇಣ ತಿಕ್ಕಿದ. ಜಿಗಣೆಗಳ ಸಲುವಾಗಿ ಮಣಿಕಟ್ಟಿಗೊಂದು ದಾರ, ಕಣಕಾಲಿಗೊಂದು ದಾರ. ಎಳೆದು ಬಿಗಿದರೆ ಜಿಗಣೆಯಿರಲಿ, ಜಿಗಣೆಯ ಯೋಚನೆ ಕೂಡ ಒಳಗೆ ಸುಳಿಯಬಾರದು.

ಅವನ ಕಲೆಯ ಶಿಖರವೆಂದರೆ ತಲೆಯ ಟೋಪಿ. ಅಂಗಡಿ ಛಾವಣಿಗೆ ಮಾಡುವಂತೆಯೇ ಅದರ ಅಂಚಿಗೆ ಬಟ್ಟೆಯದೇ ಒಂದು ಕಾಲುವೆ ಇಟ್ಟ. ಬಿದ್ದ ನೀರೆಲ್ಲ ಕಾಲುವೆಯಲ್ಲಿ ಸೇರಿ ಹಿಂದಕ್ಕೆ ಹರಿಯಬೇಕು. ಛಾವಣಿಯಲ್ಲಿ ಹಾಗೆ ಹರಿದ ನೀರು ಗೋಡೆಯ ಕೊಳವೆಗೆ ಇಳಿದುಹೋಗುತ್ತದೆ. ಮನುಷ್ಯನ ಹಿಂದೆ ಗೋಡೆಯೂ ಇಲ್ಲ, ಕೊಳವೆಯೂ ಇಲ್ಲ, ಇರುವುದು ಬರೀ ಕತ್ತು ಎಂಬ ಸಣ್ಣ ಸಂಗತಿ ಕಲಾವಿದನ ಗಮನಕ್ಕೆ ಬರಲಿಲ್ಲ.

ಹೊಲಿದು ಮುಗಿದ ಸಂಜೆ ನಾಲ್ಕೂ ಕೋಟುಗಳನ್ನು ಮನೆಯ ಹಜಾರದಲ್ಲಿ ನಿಲ್ಲಿಸಿದ. ತೂಗುಹಾಕಿದ ಎಂದಲ್ಲ, ನಿಲ್ಲಿಸಿದ. ಒಳಗೆ ಯಾರೂ ಇಲ್ಲದೆಯೇ ಅವು ನಿಲ್ಲುತ್ತಿದ್ದವು. ಶಾಲೆಯಿಂದ ಬಂದ ಹೆಂಡತಿ ಬಾಗಿಲಲ್ಲೇ ತಡೆದು, "ಯಾರು ಬಂದಿದಾರೆ?" ಎಂದು ಮೆಲ್ಲಗೆ ಕೇಳಿದಳು. ಯಾರೆಂದು ಗೊತ್ತಾದ ಮೇಲೆ, "ಇದನ್ನ ಹೊತ್ಕೊಂಡು ನಾನು ಬೆಟ್ಟ ಹತ್ತಬೇಕಾ?" ಎಂದಳು.

"ಮೊದ್ಲು ಪರೀಕ್ಷೆ ಆಗ್ಲಿ. ಆಮೇಲೆ ಮಾತಾಡು."

ಭಾನುವಾರ ಬೆಳಿಗ್ಗೆ ಕೋಟು ತೊಟ್ಟ ಕುಟುಂಬ ಬೀದಿಗಿಳಿಯಿತು. ಬೀದಿಯ ಕೊನೆಯಲ್ಲಿ ವಾಹನ ತೊಳೆಯುವ ಜಾಗವಿತ್ತು. ಅದರ ಒಡತಿಗೂ ನೆರಳಪ್ಪನೇ ಛಾವಣಿ ಹೊಲಿದುಕೊಟ್ಟಿದ್ದ. ಹೆಜ್ಜೆಗೊಮ್ಮೆ ಕೋಟುಗಳು ಎಣ್ಣೆ ಕಾಣದ ಬಾಗಿಲುಗಳಂತೆ ಕಿರುಗುಟ್ಟಿದವು. ಚಹಾದಂಗಡಿಯವನು ಹೊರಗೆ ಬಂದು, "ಯಾವ ಅಂಗಡಿ ಓಪನಿಂಗು?" ಎಂದು ಕೇಳಿದ. ಹೆಂಡತಿ ಬೇರೆ ಕಡೆ ನೋಡಿದಳು. ಬೇರೆ ಕಡೆಯೂ ಪಟ್ಟೆಯೇ ಇತ್ತು. ಕೋಟು ಹಿಡಿಸಿದ್ದು ಅತ್ತೆಗೆ ಮಾತ್ರ. ಬಗ್ಗಲು ಬಾರದ ಆ ಬಟ್ಟೆಯೊಳಗೆ ಅವರ ಬೆನ್ನು ಎಷ್ಟೋ ವರ್ಷಗಳ ಮೇಲೆ ನೆಟ್ಟಗಾಗಿತ್ತು.

"ಅದು ವ್ಯಾನು ನಿಲ್ಲೋ ಜಾಗ," ಎಂದಳು ಒಡತಿ, ನೆರಳಪ್ಪ ಪೈಪುಗಳ ಕಮಾನಿನ ಕೆಳಗೆ ಹೋಗಿ ನಿಂತಾಗ.

"ವ್ಯಾನಿಗೆ ಬಿಡೋ ಅಷ್ಟೇ ಬಿಡಿ. ದಾಕ್ಷಿಣ್ಯ ಬೇಡ."

ಮಗಳು ದಾರಗಳನ್ನು ಎಳೆದು ಗಂಟು ಬಿಗಿದಳು. ಒಡತಿ ದಾಕ್ಷಿಣ್ಯ ಬಿಟ್ಟು ನೀರು ಬಿಟ್ಟಳು. ಮೇಲಿನಿಂದ, ಎಡದಿಂದ, ಬಲದಿಂದ ಧಾರೆ ಸುರಿಯಿತು. ಅದರ ನಡುವೆ ನೆರಳಪ್ಪ ಎರಡೂ ಕೈ ಚಾಚಿ ಪಟ್ಟಕ್ಕೇರಿದ ದೊರೆಯಂತೆ ನಿಂತಿದ್ದ.

"ಹೇಗಿದೆ?" ಎಂದು ಹೆಂಡತಿ ಕೂಗಿ ಕೇಳಿದಳು.

"ಒಂದು ಹನಿ ಇಲ್ಲ!"

ಸ್ವಲ್ಪ ಹೊತ್ತಿಗೆ, "ಬೆನ್ನಿಗೆ ತಂಪಾಗಿದೆ. ಗಾಳಿ ಚೆನ್ನಾಗಿ ಆಡ್ತಿದೆ," ಎಂಬ ವರದಿ ಬಂತು.

"ಗಾಳಿ ಎಲ್ಲಿಂದ ಬಂತು?"

ಮಗಳು ಅಮ್ಮನ ತೋಳು ಹಿಡಿದು, "ಅಮ್ಮ, ಅಪ್ಪ ದಪ್ಪ ಆಗ್ತಿದಾರೆ," ಎಂದಳು.

ಆಗುತ್ತಿದ್ದ. ಹೊಲಿಗೆಯಲ್ಲಿ ದೋಷವೇ ಇರಲಿಲ್ಲ. ಕಾಲುವೆಯಿಂದ ಕತ್ತಿಗೆ, ಕತ್ತಿನಿಂದ ಒಳಕ್ಕೆ ಇಳಿದ ನೀರು ಹೊರಗೆ ಬರಲು ಕಣಕಾಲು, ಮಣಿಕಟ್ಟು ಎಲ್ಲ ಕಡೆ ದಾರಿ ಹುಡುಕಿ, ಎಲ್ಲೂ ಒಂದು ತೂತೂ ಸಿಗದೆ, ಬೇಸತ್ತು ಮೇಲೇರತೊಡಗಿತ್ತು. ಮೊಣಕಾಲು ಮುಳುಗಿತು. ಸೊಂಟ ಮುಳುಗಿತು. ಎದೆಗೆ ಬಂದಾಗ ದೊರೆ, "ನಿಲ್ಸಿ," ಎಂದು ಸಣ್ಣ ದನಿಯಲ್ಲಿ ಹೇಳಿದ.

ನೀರು ನಿಂತಿತು. ಹೊರಗಿನ ನೀರು ಮಾತ್ರ. ಕಟ್ಟಿದ ಕಾಲಿನಲ್ಲಿ ಹೆಜ್ಜೆ ಎತ್ತಲು ಹೋದ ನೆರಳಪ್ಪ ಆಚೆ ವಾಲಿದ, ಈಚೆ ವಾಲಿದ, ಕಂಬಕ್ಕೆ ಒರಗಿದ, ಒರಗಿದಂತೆಯೇ ಜಾರಿ ನೆಲಕ್ಕೆ ಕೂತ. ಮಗಳು ಗಂಟು ಬಿಚ್ಚಲು ನೋಡಿದಳು. ನೆನೆದ ದಾರ ಕಲ್ಲಾಗಿತ್ತು.

"ಕತ್ತರಿ ತರ್ಲಾ?" ಎಂದಳು ಒಡತಿ.

"ಕತ್ತರಿ ಹಾಕಬೇಡಿ. ಹೊಲಿಗೆ ಹಾಳಾಗತ್ತೆ," ಎಂದ, ಗದ್ದದ ಕೆಳಗೆ ನೀರು ತುಳುಕುತ್ತಿದ್ದರೂ.

ಹೆಂಡತಿ ಕಿರುಗುಟ್ಟುತ್ತ ಅವನ ಪಕ್ಕದಲ್ಲಿ ಮಂಡಿಯೂರಿದಳು. "ಹೊಲಿಗೆ ಬೇಕಾ, ಗಂಡ ಬೇಕಾ ಅಂತ ನನ್ನ ಕೇಳಿದ್ರೆ, ಈಗ್ಲೇ ಹೇಳೋದು ಕಷ್ಟ," ಎಂದು, ಒಡತಿ ತಂದುಕೊಟ್ಟ ಕತ್ತರಿಯನ್ನು ಕೆಳಗಿನ ಅಂಚಿಗೆ ಆಡಿಸಿಯೇಬಿಟ್ಟಳು.

ಅಣೆಕಟ್ಟು ಒಡೆಯಿತು. ಮೊದಲ ಅಲೆಗೆ ಸೋಪಿನ ಬಕೆಟ್ಟು ಹೊರಟಿತು, ಅದರ ಹಿಂದೆ ಸ್ಪಂಜುಗಳು, ಸ್ಪಂಜುಗಳ ಹಿಂದೆ ಒಡತಿಯ ಚಪ್ಪಲಿ. ನೊರೆಯ ಮೆರವಣಿಗೆ ಪಕ್ಕದ ಮೆಟ್ಟಿಲಿಳಿದು ನೇರವಾಗಿ ಹಾಸಿಗೆ ರಿಪೇರಿಯವನ ಅಂಗಳಕ್ಕೆ ನುಗ್ಗಿತು. ಅಲ್ಲಿ ಅವನು ಹಳೆಯ ಹಾಸಿಗೆಗಳನ್ನು ಬಿಚ್ಚಿ ಹತ್ತಿಯನ್ನೆಲ್ಲ ಹರಡಿದ್ದ. ಹತ್ತಿ ಒಂದು ಗಳಿಗೆ ತೇಲಿತು, ಆಮೇಲೆ ಕುಡಿಯಿತು, ಆಮೇಲೆ ಮುಳುಗಿತು. ರಿಪೇರಿಯವನು ಹೊರಗೆ ಬಂದು ಹತ್ತಿಯನ್ನು ನೋಡಿದ. ನೆರಳಪ್ಪನನ್ನು ನೋಡಿದ.

"ಒಣಗ್ಲಿ ಅಂತ ಹಾಕಿದ್ದೆ," ಎಂದ ಮೆತ್ತಗೆ. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ಆ ಭಾನುವಾರವನ್ನು ಕುಟುಂಬ ಹತ್ತಿಗೆ ಅರ್ಪಿಸಿತು. ಉಳಿದ ಮೂರು ಕೋಟುಗಳ ಹೊಲಿಗೆ ಬಿಚ್ಚಿ ನೆಲಕ್ಕೆ ಹಾಸಿ, ಅದರ ಮೇಲೆ ಹಿಂಡಿದ ಹತ್ತಿ ಹರಡಿ, ನಾಲ್ವರೂ ಕುಕ್ಕರಗಾಲಲ್ಲಿ ಕೂತು ಬಿಡಿಸಿದರು. ಬಿಚ್ಚಿದವನು ನೆರಳಪ್ಪನೇ. ಎರಡೆರಡು ಸಲ ಹೊಲಿದದ್ದನ್ನು ಎರಡೆರಡು ಸಲ ಬಿಚ್ಚಬೇಕಾಯಿತು. ಒಡತಿ ಬಂದು, ಹರಿದ ಕೋಟನ್ನು ಬೆರಳಿಂದ ಒತ್ತಿ ನೋಡಿ, "ಇದರ ಬುಡ ಹೊಲಿದು ನನಗೆ ಕೊಟ್ಬಿಡಿ. ನಮ್ಮ ನೀರಿನ ಡ್ರಮ್ಮು ಸೋರ್ತಿದೆ," ಎಂದಳು.

ಅಲ್ಲಿಯವರೆಗೂ ಬಿಗಿಯಾಗಿದ್ದ ಹೆಂಡತಿಯ ಮುಖ ಆಗ ಸಡಿಲವಾಯಿತು. ಮೊದಲು ಭುಜ ಕುಲುಕಿತು. ಆಮೇಲೆ ಹತ್ತಿಯ ರಾಶಿಗೆ ತಲೆಯಿಟ್ಟು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು.

"ಅಂತೂ ನಿಮ್ಮ ನೀರಿಳಿಸೋಕೆ ಕತ್ತರೀನೇ ಬೇಕಾಯ್ತು."

ನೆರಳಪ್ಪನಿಗೂ ನಗು ಬಂತು. ನಗುತ್ತಲೇ, ಕೈಯ ಹತ್ತಿಯನ್ನು ಎಳೆ ಎಳೆಯಾಗಿ ಬಿಡಿಸುತ್ತ ಹೇಳಿದ:

"ನೀನು ಎಲ್ಲಾ ಒಬ್ಬಳೇ ಮಾಡ್ತಿದೀಯ. ನೀನು ಜ್ವಾಲಾಮುಖಿ ನೋಡೋ ಹೊತ್ತಲ್ಲಿ, ನಂದು ಅಂತ ಏನಾದ್ರೂ ನಿನ್ನ ಮೈ ಮೇಲೆ ಇರ್ಲಿ ಅನ್ನಿಸ್ತು. ಅಷ್ಟೇ."

ಅವಳು ಅವನ ಕಿವಿಯ ಹಿಂದೆ ಅಂಟಿದ್ದ ಹತ್ತಿಯನ್ನು ತೆಗೆದಳು.

ಸಂಜೆ ಮನೆಗೆ ಬಂದ ಮೇಲೆ ಕೈ ಹಿಡಿದು ಕರೆದುಕೊಂಡು ಹೋಗಿ ಬೀರು ತೆರೆದಳು. ಮೇಲಿನ ಹಲಗೆಯ ಮೇಲೆ ಅಂದವಾಗಿ ಮಡಿಸಿದ ರೇನ್‌ಕೋಟುಗಳಿದ್ದವು.

"ಇದೆಲ್ಲ ಯಾವಾಗ ತಂದೆ?"

"ನೀವು ಬರಿಗೈಲಿ ಬಂದ್ರಲ್ಲ, ಅದರ ಮಾರನೇ ದಿನ."

"ಮತ್ತೆ ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ನೀವು ಹೊಲಿಗೇಲಿ ಮುಳುಗಿದ್ರಿ, ನಾನು ಆರಾಮಾಗಿ ಟಿಕೆಟ್ಟು, ವೀಸಾ ಎಲ್ಲಾ ಮುಗಿಸ್ದೆ. ಮುಂದಿನ ತಿಂಗಳು ಹೊರಡೋದು. ನಿಮ್ಮನ್ನ ಖಾಲಿ ಕೂರಿಸಿದ್ದಿದ್ರೆ ವಿಮಾನಕ್ಕೂ ಛಾವಣಿ ಹೊಲೀತಿದ್ರಿ."

ನೆರಳಪ್ಪ ಕೋಟುಗಳನ್ನು ಒಂದೊಂದಾಗಿ ತೆಗೆದು ಮಂಚದ ಮೇಲಿಟ್ಟ. ಒಂದರ ತೋಳನ್ನು ಅವನ ಕೈ ತನ್ನಷ್ಟಕ್ಕೆ ಒಳಮುಖ ತಿರುಗಿಸಿ ಹೊಲಿಗೆ ಹುಡುಕುತ್ತಿತ್ತು.

"ನಾವು ನಾಲ್ಕೇ ಜನ," ಎಂದ. "ಇಲ್ಲಿ ಐದಿದೆ."

"ಎರಡು ನಿಮ್ಮದೇ," ಎಂದಳು ಹೆಂಡತಿ. "ಒಂದು ಹಾಕ್ಕೊಳ್ಳೋಕೆ. ಇನ್ನೊಂದು, ಬಿಚ್ಚಿ ಸರಿಮಾಡೋಕೆ."