ಏಳನೇ ನಂಬರಿನ ಅಭಿಪ್ರಾಯ

ನಮ್ಮ ಅಕ್ಕನ ಕೈಗೆ ನೀವು ಎರಡು ಪುಟ ಬರೆದು ಕೊಟ್ಟರೆ ಮೂರು ಪುಟ ವಾಪಸು ಬರುತ್ತಿತ್ತು. ಮೂರನೆಯದು ಎಲ್ಲಿಂದ ಬಂತು ಎಂದು ಕೇಳಿದರೆ ಅವಳಿಗೇ ಆಶ್ಚರ್ಯ: ಇದೂ ಒಂದು ಕೇಳುವ ಮಾತೇ?

ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ನನ್ನ ಯಜಮಾನರ ಅಣ್ಣನ ಹೆಂಡತಿ, ಓರಗಿತ್ತಿ. ನಾನು ಕಾನ್ವೆಂಟಿನಲ್ಲಿ ಓದಿ, ಫೋರ್ಕಿನಿಂದ ಕೇಕ್ ತಿನ್ನುವುದನ್ನು ಕಲಿತು ಚಿತ್ರದುರ್ಗದ ಸೊಸೆಯಾದವಳು. ಆಕೆ ಮಾರಿಕಣಿವೆಯಲ್ಲಿ ಹುಟ್ಟಿ, ಮತ್ತೋಡಿನ ಶಾಲೆಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಅಕ್ಷರ ತಿದ್ದಿಸಿ, ರಿಟೈರ್ ಆದ ಮೇಲೆ ದುರ್ಗದಲ್ಲಿ ನಮ್ಮ ಹಿಂದಿನ ಬೀದಿಗೆ ಬಂದು ನೆಲೆಸಿದವಳು. ನನ್ನ ಹೆಸರು ಅವಳ ಬಾಯಲ್ಲಿ ಬಂದದ್ದೇ ಇಲ್ಲ. "ಏನವ್ವ ಕಾನ್ವೆಂಟು, ಕಾಫಿ ಆತಾ?" ಎನ್ನುತ್ತಲೇ ಒಳಗೆ ಬರುತ್ತಿದ್ದಳು.

ಎರಡು ಸಾವಿರದ ಐದಾರರ ಮಾತು. ಯಾವುದೋ ಕಾಲೇಜಿನವರು ಆನ್‌ಲೈನಿನಲ್ಲಿ ಹತ್ತು ವಾರದ ಇಂಗ್ಲಿಷ್ ರೈಟಿಂಗ್ ಕೋರ್ಸ್ ನಡೆಸುತ್ತಾರೆಂದು ಪೇಪರಿನಲ್ಲಿ ಓದಿ ನಾನು ಸೇರಿದೆ. ಅಕ್ಕನಿಗೆ ಸುದ್ದಿ ಸಿಕ್ಕಿತು.

"ನಾನೂ ಬರ್ತೀನಿ. ಎಸ್ಸೆಸ್ಸೆಲ್ಸಿ ಆದ್ಮೇಲೆ ಟ್ರೈನಿಂಗಿಗೆ ಹಾಕಿಬಿಟ್ರು. ಕಾಲೇಜು ಅಂದ್ರೆ ಹೆಂಗಿರ್ತೈತೋ ನೋಡೇಬಿಡಾಣ."

ಮೊದಲ ದಿನ ಬಸ್ ಸ್ಟ್ಯಾಂಡಿನ ಹತ್ತಿರದ ಸೈಬರ್ ಕೆಫೆಗೆ ರೇಷ್ಮೆ ಸೀರೆ ಉಟ್ಟು, ಮುಡಿಗೆ ಹೂವಿಟ್ಟು ಬಂದಳು. ಚಪ್ಪಲಿ ಹೊರಗೆ ಬಿಟ್ಟಳು. ಕಂಪ್ಯೂಟರಿನ ಮುಂದೆ ಕೈಕಟ್ಟಿ ಕುಳಿತು ಬಾಗಿಲ ಕಡೆ ನೋಡುತ್ತಿದ್ದಳು.

"ಮೇಷ್ಟ್ರು ಯಾವಾಗ ಬರ್ತಾರೆ?"

"ಬರೋದಿಲ್ಲ ಅಕ್ಕ, ಇದು ಆನ್‌ಲೈನ್."

"ಹಂಗಾರೆ ಹಾಜರಿ ಯಾರು ತಗಂತಾರೆ?"

ಅವಳ ಹೆಸರನ್ನು ಟೈಪ್ ಮಾಡಿ, ಇದೇ ಹಾಜರಿ ಎಂದು ತೋರಿಸಿದೆ.

ಮೂರನೇ ವಾರ ಶುರುವಾಯಿತು ಪಿಯರ್ ರಿವ್ಯೂ. ಅಂದರೆ ಪಾಠ ಮಾಡುವ ಮೇಡಂ ತಿದ್ದುವ ಮೊದಲು ನಮ್ಮ ಬರಹವನ್ನು ಜೊತೆಯ ವಿದ್ಯಾರ್ಥಿಯೊಬ್ಬರು ಓದಿ ಅಭಿಪ್ರಾಯ ಬರೆಯಬೇಕು. ಹೆಸರಿಲ್ಲ, ಬರೀ ನಂಬರು. ಅದನ್ನೂ ಯಾರಿಗೂ ಹೇಳಕೂಡದು. ಮೂರು ಪ್ರಶ್ನೆಗಳ ಫಾರಂ: ನಿಮಗೆ ಏನು ಇಷ್ಟವಾಯಿತು? ಇನ್ನೇನು ತಿಳಿಯಬೇಕೆನಿಸಿತು? ಏನು ಬದಲಾಗಬೇಕು?

ದಾವಣಗೆರೆಯ ಗುಮಾಸ್ತರೊಬ್ಬರು ತಮ್ಮ ತಾಯಿ ರೊಟ್ಟಿ ತಟ್ಟುವುದರ ಬಗ್ಗೆ ಬರೆದದ್ದು ಅಕ್ಕನ ಪಾಲಿಗೆ ಬಂತು. ಅಕ್ಕ ಫಾರಂ ಮುಟ್ಟಲಿಲ್ಲ. ಅವರ ಬರಹದ ಕೊನೆಗೆ ತನ್ನ ಸೋದರತ್ತೆ ರೊಟ್ಟಿಯನ್ನು ಹೆಂಚಿನ ಮೇಲೆ ಮೇಲುಕೆಳಗಾಗಿ ಹಾಕಿ ಮಾವನಿಂದ ಬೈಸಿಕೊಂಡ ಕಥೆಯನ್ನು ಒಂದು ಪುಟ ಸೇರಿಸಿ ಕಳಿಸಿದಳು. ಕೋರ್ಸಿನ ಮೇಡಂ ವಿನಯವಾಗಿ ಮೇಲ್ ಮಾಡಿದರು: ದಯವಿಟ್ಟು ಬೇರೆಯವರ ಬರಹಕ್ಕೆ ನಿಮ್ಮದನ್ನು ಸೇರಿಸಬೇಡಿ. ನಾನು ಅದನ್ನು ಓದಿ ಹೇಳಿದೆ.

"ಪಕ್ಕದ್ಮನೆಯೋರು ಪಾತ್ರೆ ತುಂಬ ಸಾರು ಕೊಟ್ರೆ ತೊಳ್ದು ಖಾಲಿ ವಾಪಸ್ ಕೊಡ್ತೀವೇನವ್ವ? ಒಂದು ಹಿಡಿ ಅವಲಕ್ಕಿನಾದ್ರೂ ಹಾಕ್ತೀವಿ."

"ಇದು ಪಾತ್ರೆ ಅಲ್ಲ ಅಕ್ಕ, ಪೇಪರ್."

"ತಿನ್ನಾಕೆ ಕೊಟ್ರೂ ಅಷ್ಟೇ, ಓದಾಕೆ ಕೊಟ್ರೂ ಅಷ್ಟೇ. ನಿಮ್ ಸಿಸ್ಟರುಗಳು ಇದನ್ನ ಹೇಳಿಕೊಡ್ಲಿಲ್ವಾ?"

ತಮಾಷೆ ಇರುವುದು ಮುಂದೆ. ಆ ಗುಮಾಸ್ತರು ಸೋದರತ್ತೆಯನ್ನು ಅಳಿಸದೆ ಹಾಗೇ ಇಡೀ ಕ್ಲಾಸಿಗೆ ಕಳಿಸಿದರು. ಮುಂದಿನ ವಾರ ಮೂವರು ಮೇಡಂಗೆ ಬರೆದರಂತೆ, ನಮ್ಮ ಬರಹವನ್ನು ನಾಲ್ಕನೇ ನಂಬರಿನವರಿಗೇ, ಅಂದರೆ ನಮ್ಮ ಅಕ್ಕನಿಗೇ, ಕೊಡಿ ಎಂದು. ನನ್ನ ರಿವ್ಯೂಗಳಿಗೆ, ಅಂದರೆ ಏಳನೇ ನಂಬರಿನವಳ ಅಚ್ಚುಕಟ್ಟಾದ, ಕಾಮಾ ತಪ್ಪದ ರಿವ್ಯೂಗಳಿಗೆ ಬರುತ್ತಿದ್ದ ಉತ್ತರ ಒಂದೇ: ಥ್ಯಾಂಕ್ಯೂ ಮೇಡಂ.

ನನಗೆ ಹೊಟ್ಟೆಕಿಚ್ಚಾಯಿತೇ? ಆಗ ಕೇಳಿದ್ದರೆ ಛೇ ಛೇ ಎನ್ನುತ್ತಿದ್ದೆ. ಈಗ ಈ ವಯಸ್ಸಿನಲ್ಲಿ ಸುಳ್ಳು ಹೇಳಿ ಏನು ಮಾಡಲಿ? ಆಗಿತ್ತು.

ಐದನೇ ವಾರದ ವಿಷಯ 'ನಾನು ಬಲ್ಲ ಒಂದು ಜಾಗ'. ಅಕ್ಕ ಮಾರಿಕಣಿವೆಯ ಬಗ್ಗೆ ಬರೆಯುತ್ತೇನೆಂದಳು. ಅವಳ ಅಪ್ಪ ಅಣೆಕಟ್ಟಿನಲ್ಲಿ ತೂಬು ನೋಡಿಕೊಳ್ಳುವ ಕೆಲಸದಲ್ಲಿದ್ದರು. ಚಿಕ್ಕ ಹುಡುಗಿ ದಿನಾ ಮಧ್ಯಾಹ್ನ ಅವರಿಗೆ ಬುತ್ತಿ ಒಯ್ಯುತ್ತಿದ್ದಳು. "ಅಪ್ಪಂದು ಒಂದು ಫೋಟೋನೂ ಇಲ್ಲ ಕಣವ್ವ. ಇದನ್ನೇ ಫೋಟೋ ಅನ್ಕ," ಎಂದು ಹೇಳಿ, ಮೂರು ಮಧ್ಯಾಹ್ನ ಒಂದೇ ಬೆರಳಿನಲ್ಲಿ ಕುಟ್ಟಿದಳು. ನನಗೆ ತೋರಿಸಲಿಲ್ಲ. ಯಾರು ರಿವ್ಯೂ ಮಾಡುತ್ತಾರೋ ಅವರೇ ಮೊದಲು ಓದಬೇಕು ಎಂಬುದು ಅವಳ ನಿಯಮ.

ಅದು ನನ್ನ ಪಾಲಿಗೇ ಬಂತು.

ನಂಬರು ನೋಡಬೇಕಾಗಿರಲಿಲ್ಲ, ಮೊದಲ ಸಾಲಿನಲ್ಲೇ ಬುತ್ತಿ ಗಂಟಿತ್ತು. ಮೇಡಂಗೆ ಹೇಳಿ ಬೇರೆಯವರಿಗೆ ಕೊಡಿಸಬಹುದಿತ್ತು. ಹೇಳಲಿಲ್ಲ. ಕಾನ್ವೆಂಟಿನ ಸಿಸ್ಟರ್ ಕೆಂಪು ಪೆನ್ಸಿಲ್ ಹಿಡಿದು ನನ್ನ ಬಲಗೈಯಲ್ಲಿ ಬಂದು ಕುಳಿತರು. ಒಂದೊಂದು ವಾಕ್ಯವನ್ನೂ ಬಿಡಿಸಿ, ಒಗೆದು, ಇಸ್ತ್ರಿ ಮಾಡಿದೆ. ಏನು ಬದಲಾಗಬೇಕು ಎಂಬುದಕ್ಕೆ ಎರಡು ಪುಟ ಬರೆದೆ. ಏನು ಇಷ್ಟವಾಯಿತು ಎಂಬ ಜಾಗವನ್ನು ಖಾಲಿ ಬಿಟ್ಟೆ.

ಮಾರನೆಯ ದಿನ ಅಕ್ಕ ಪ್ರಿಂಟ್‌ಔಟ್ ಹಿಡಿದು ನಮ್ಮ ಮನೆಗೇ ಬಂದಳು. "ಯಾರೋ ಏಳನೇ ನಂಬರಂತೆ. ಪಾಪ, ಎಷ್ಟು ಹೊತ್ತು ಕುಂತು ಬರ್ದಾಳೋ. ಕಣ್ಣು ಬಿದ್ದೋಗಿರ್ತಾವೆ. ಒಂಚೂರು ಬಿಡಿಸಿ ಹೇಳವ್ವ."

ನಾನೆಂಥವಳು ನೋಡಿ, ಹೇಳಿದೆ. ಬೇರೆ ಯಾರೋ ಬರೆದದ್ದೆಂಬಂತೆ, ನಡುನಡುವೆ "ಇವರು ಹೇಳೋದರಲ್ಲಿ ಪಾಯಿಂಟ್ ಇದೆ" ಎಂದು ತಲೆದೂಗುತ್ತಾ ಹೇಳಿದೆ.

"ಮೊದ್ಲನೇ ಪ್ರಶ್ನೆಗೆ ಏನೂ ಬರ್ದಿಲ್ಲ?"

"ಮರೆತಿರಬೇಕು ಅಕ್ಕ."

"ಹೂಂ, ವಯಸ್ಸಾಗಿರ್ಬೇಕು." ಆಮೇಲೆ ಒಂದು ಸಾಲಿನ ಮೇಲೆ ಬೆರಳಿಟ್ಟಳು. "ಇದನ್ಯಾಕೆ ತೆಗೀಬೇಕು? ಅಪ್ಪ ನನ್ ಕೈ ಹಿಡ್ದು ಡ್ಯಾಮಿನ ಗೋಡೆ ಮೇಲೆ ಇಡಿಸ್ತಿದ್ದ ಅಲ್ಲ, ಅದು."

"ಲಾಜಿಕಲ್ ಆಗಿಲ್ಲ ಅಂತ."

"ಹೌದಾ," ಎಂದಳು. ಕಾಗದವನ್ನು ನಾಲ್ಕಾಗಿ ಮಡಚಿದಳು. "ಇರ್ಲಿ ಬಿಡು. ಓದಿದೋರು ಹೇಳಿದ್ಮೇಲೆ ಸರಿನೇ ಇರ್ತೈತೆ."

ಎಲ್ಲವನ್ನೂ ಹೇಳಿದಂತೆಯೇ ತಿದ್ದಿದಳು. ಮೇಡಂ ಒಳ್ಳೆಯ ಗ್ರೇಡ್ ಕೊಟ್ಟರು. ಕೋರ್ಸ್ ಪಾಸಾಯಿತು, ಸರ್ಟಿಫಿಕೇಟಿಗೆ ಫ್ರೇಮ್ ಬಂತು. ಏಳನೇ ನಂಬರಿಗೆ ಥ್ಯಾಂಕ್ಸ್ ಹೇಳದೆ ಬಿಟ್ಟರೆ ಅವಳು ನಮ್ಮ ಅಕ್ಕನೇ ಅಲ್ಲ. "ನಿನ್ ಇಂಗ್ಲಿಷು ಚಂದ ಐತೆ, ನೀನೇ ಬರ್ಕೊಡು," ಎಂದು ಕುಳಿತು ಹೇಳಿಸಿದಳು: ನಿಮ್ಮಿಂದ ನಾನು ಕಾಲೇಜು ಪಾಸಾದೆ. ದುರ್ಗದ ಕಡೆ ಬಂದರೆ ನಮ್ಮ ಮನೆಗೆ ಬರ್ರಿ, ಹೋಳಿಗೆ ಮಾಡಿ ಹಾಕ್ತೀನಿ.

ನನಗೆ ನಾನೇ ಪತ್ರ ಬರೆದುಕೊಂಡೆ. ಮೇಡಂ ಮೂಲಕ ಅದು ನನಗೇ ಬಂದು ತಲುಪಿತು. ಅಂದು ಸಂಜೆಯೇ ಹೇಳಬಹುದಿತ್ತು. ಮುಂದಿನ ಯುಗಾದಿಗೆ, ಅದರ ಮುಂದಿನ ಯುಗಾದಿಗೆ, ಅವಳು ಬಡಿಸಿದ ಹೋಳಿಗೆ ತಿನ್ನುತ್ತಲೂ ಹೇಳಬಹುದಿತ್ತು. ನಗುತ್ತಿದ್ದಳು ಅಷ್ಟೇ. ಅಕ್ಕ ಹೋಗಿ ಈಗ ವರ್ಷಗಳಾದವು. ನಾನಿನ್ನೂ ಹೇಳಿಲ್ಲ.

ಮೊನ್ನೆ ಅವಳ ಮಗಳು ಹೊಳಲ್ಕೆರೆಯಿಂದ ಬಂದಿದ್ದಳು. ಅವ್ವ ತಾತನ ಬಗ್ಗೆ ಬರೆದದ್ದು ಬೇಕೆಂದಳು. ಸರ್ಟಿಫಿಕೇಟಿನ ಹಿಂದೆ ಮಡಚಿಟ್ಟಿದ್ದ ಪ್ರತಿಯನ್ನು ಇಬ್ಬರೂ ಓದಿದೆವು. ಅಣೆಕಟ್ಟು ಎಷ್ಟು ಎತ್ತರ, ಎಷ್ಟು ಊರಿಗೆ ನೀರು, ಎಲ್ಲ ಇತ್ತು. ಒಂದು ತಪ್ಪಿಲ್ಲ. ಟೂರಿಸ್ಟ್ ಗೈಡಿಗೆ ಹಾಗೇ ಕಳಿಸಬಹುದು. ತಾತ ಅದರಲ್ಲಿ ಒಬ್ಬ ನೌಕರ.

"ಇದಲ್ಲ ಚಿಕ್ಕಮ್ಮ. ಮೊದ್ಲು ಬರ್ದಿದ್ದು. ಗೋಡೆ ಮೇಲೆ ಕೈ ಇಡಿಸಿ ತಾತ ಏನೋ ಹೇಳ್ತಿದ್ನಂತಲ್ಲ, ಅದು."

ಅದು ಎಲ್ಲಿದೆ? ಮೇಲ್ ಐಡಿ ಮುಚ್ಚಿಹೋಗಿದೆ. ಆ ಪ್ರಿಂಟ್‌ಔಟನ್ನು ಅಕ್ಕ ಡಬ್ಬಿಗಳ ಕೆಳಗೆ ಹಾಸಿ ಎಂದೋ ಮುಗಿಸಿದ್ದಳು. ಅದನ್ನು ಓದಿದ್ದು ಲೋಕದಲ್ಲಿ ನಾನೊಬ್ಬಳೇ. ಹುಡುಗಿ ನನ್ನ ಮುಖವನ್ನೇ ನೋಡುತ್ತಾ ಕುಳಿತಿದ್ದಳು. ನಾನು ಕಣ್ಣು ಮುಚ್ಚಿ ಹುಡುಕಿದೆ. ಬುತ್ತಿ ಗಂಟು ಸಿಕ್ಕಿತು, ಬಿಸಿಲು ಸಿಕ್ಕಿತು, ಗೋಡೆಯ ಮೇಲಿನ ಪುಟ್ಟ ಕೈಯೂ ಸಿಕ್ಕಿತು. ಅವಳ ಅಪ್ಪ ಹೇಳಿದ ಮಾತು ಸಿಗಲಿಲ್ಲ. ಅದರ ಪಕ್ಕದಲ್ಲಿ ನಾನು ಬರೆದದ್ದು ಮಾತ್ರ ಇಂದಿಗೂ ಒಂದಕ್ಷರ ಮಾಸದೆ ನೆನಪಿದೆ:

"ಕಲ್ಲು ಉಸಿರಾಡುವುದಿಲ್ಲ. ಈ ಸಾಲು ತೆಗೆಯಿರಿ."