ದೊಡ್ಡಿಗೆ ಬಿದ್ದ ಗೂಢಚಾರ

ದೇಶದ ಭದ್ರತೆ ದಿಲ್ಲಿಯಲ್ಲಿರುತ್ತೆ ಅಂತ ನೀವು ತಿಳಿದಿದ್ದರೆ ತಪ್ಪು. ಎಂಬತ್ತರ ದಶಕದಲ್ಲಿ ಅದು ಕಡೂರು, ತರೀಕೆರೆ, ಅಜ್ಜಂಪುರದ ನಡುವೆ ನನ್ನ ಜೊತೆ ಬಸ್ಸಿನಲ್ಲಿ ಓಡಾಡುತ್ತಿತ್ತು, ಹೋದಲ್ಲೆಲ್ಲ ಏನಾದರೊಂದು ಫಜೀತಿ ಮಾಡಿಕೊಳ್ಳುತ್ತಿತ್ತು.

ನಾನು ಬೆಂಗಳೂರಿನ ಒಂದು ದಿನಪತ್ರಿಕೆಗೆ ಈ ಮೂರೂರಿನ ಅರೆಕಾಲಿಕ ವರದಿಗಾರ. "ಬಿಎಸ್ಸಿ ಓದಿದ್ದೀಯಲ್ಲ, ಮಿಲಿಟರಿ, ರಾಕೆಟ್ಟು, ಕಂಪ್ಯೂಟರು ಎಲ್ಲಾ ನೀನೇ ನೋಡ್ಕೋ. ಮುಖಪುಟಕ್ಕೆ ಅಂತ ಒಂದು ಸುದ್ದಿ ಕೊಡು, ಖಾಯಂ ಮಾಡ್ತೀನಿ. ಇಲ್ಲಾಂದ್ರೆ ಅಡಿಕೆ ಧಾರಣೆ ಬರ್ಕೊಂಡಿರು," ಅಂದಿದ್ದರು ಸಂಪಾದಕರು. ಮುಖಪುಟ ಯಾವ ಲೆಕ್ಕ, ಮಿಲಿಟರಿ ಒಂದು ಸಲ ನಮ್ಮ ಕಡೆ ಬರಲಿ ಅಂತ ನನಗೆ ಪೂರಾ ಧೈರ್ಯ. ನಮ್ಮವ್ವನಿಗೆ ಆ ಧೈರ್ಯ ಇರಲಿಲ್ಲ. "ಬೀಡಾಡಿ ದನದ ಥರ ಮೂರೂರು ಸುತ್ತುತೀಯಲ್ಲೋ, ಖಾಯಂ ಆಗ್ದೆ ನಿಂಗ್ಯಾರೋ ಹೆಣ್ ಕೊಡ್ತಾರೆ?" ಅನ್ನೋಳು.

ಬೀರೂರಿನ ಗುಟ್ಟು

ಒಂದು ದಿನ ಬೀರೂರು ಜಂಕ್ಷನ್ನಿನಲ್ಲಿ ಮಿಲಿಟರಿ ಗೂಡ್ಸ್ ನಿಂತಿತು. ಸಾಲಾಗಿ ವ್ಯಾಗನ್ನು, ಮೇಲೆ ಏನೋ ಭಾರೀ ಸಾಮಾನು, ಪೂರ್ತಿ ಟಾರ್ಪಾಲು ಮುಚ್ಚಿದ್ದಾರೆ. ಬಂದೂಕು ಹಿಡಿದ ಸೈನಿಕ ಕಾವಲು. ಸ್ಟೇಷನ್ ಮಾಸ್ತರನ್ನ ಕೇಳಿದರೆ, "ನಾನೇನೂ ನೋಡಿಲ್ಲ ಕಣ್ರೀ, ನೀವೂ ನೋಡಿಲ್ಲ," ಅಂದರು.

ಅಷ್ಟರಲ್ಲಿ ನೋಡ್ತೀನಿ, ಕಡೂರಿನ ಕೊಬ್ಬರಿ ಮಂಡಿ ಸಾಹುಕಾರರು ವ್ಯಾಗನ್ನಿಗೇ ಕೈ ಹಾಕಿದ್ದಾರೆ! ಸೈನಿಕ ಗದರಿಸಿ ಓಡಿಸಿದ. ನಾನು ಓಡಿಹೋಗಿ ಅವರನ್ನು ಹಿಡಿದೆ.

"ಏನ್ ಸಾಹುಕಾರ್ರೇ, ಒಳಗೇನೈತೆ ನೋಡಿದ್ರಾ?"

"ಒಳಗಿಂದು ಕಟ್ಕೊಂಡು ನಂಗೇನಾಗ್ಬೇಕಪ್ಪಾ? ಟಾರ್ಪಾಲು ನೋಡು! ಇಂಥದ್ದು ಇದ್ದಿದ್ರೆ ಹೋದ ಮಳೇಲಿ ನನ್ ಕೊಬ್ಬರಿ ಬೂಸಲು ಹಿಡೀತಿತ್ತಾ? ಎಲ್ಲಿ ಸಿಕ್ತದೆ ಕೇಳು, ನಿಂಗೆ ಹಿಂದಿ ಬತ್ತದಲ್ಲ."

ಸಂಜೆ ಸಂಪಾದಕರು ಫೋನಿನಲ್ಲಿ, "ಒಳಗೆ ಏನಿತ್ತಯ್ಯಾ?" ಅಂದರು.

"ಅದು ತಿಳೀಲಿಲ್ಲ ಸಾರ್. ಟಾರ್ಪಾಲು ಮಾತ್ರ ಫಸ್ಟ್ ಕ್ಲಾಸ್."

ತರೀಕೆರೆಯ ಕಂಪ್ಯೂಟರು

ತರೀಕೆರೆಯ ಒಂದು ಸಂಸ್ಥೆಗೆ ಕಂಪ್ಯೂಟರ್ ಬಂತು. ಅದಕ್ಕೊಂದು ತಂಪು ಕೋಣೆ. ಧೂಳು ಆಗಿ ಬರಲ್ಲ ಅಂತ ಎಲ್ಲರೂ ಚಪ್ಪಲಿ ಹೊರಗೆ ಬಿಟ್ಟು ಕೈಕಟ್ಟಿ ಒಳಗೆ ಹೋದೆವು. ಬೆಂಗಳೂರಿನಿಂದ ಬಂದಿದ್ದ ಎಂಜಿನಿಯರು, "ಇದಕ್ಕೆ ತಿಳಿಯದ ವಿಷಯವೇ ಇಲ್ಲ, ಕೇಳಿದ ತಕ್ಷಣ ಉತ್ತರ," ಅಂತ ಭಾಷಣ ಬಿಗಿದ. ಚಪ್ಪಾಳೆ ಆಯಿತು.

ಹೊರಗೆ ಬಂದರೆ ಸಂಸ್ಥೆಯ ಅಧ್ಯಕ್ಷರ ಹೊಸ ಚಪ್ಪಲಿ ಮಾಯ. ಅವರು ತಿರುಗಿ ಸೀದಾ ಒಳಗೆ ನಡೆದು, "ಎಲ್ರೀ, ಕೇಳ್ರೀ ಅದನ್ನ!" ಅಂದರು.

ಎಂಜಿನಿಯರು ಬೆವರಿದ. "ಸಾರ್, ಅದಕ್ಕೆ ಮೊದಲು ಮಾಹಿತಿ ತುಂಬಬೇಕು."

"ತುಂಬ್ರೀ ಮತ್ತೆ. ಎಂಟನೇ ನಂಬರ್ರು, ಕಂದು ಬಣ್ಣ, ಎಡಗಾಲಿಂದು ಸ್ವಲ್ಪ ಕಚ್ತದೆ."

ಅಜ್ಜಂಪುರದ ಆಕಾಶ

ಉಪಗ್ರಹ ಹಾರಿಸಿದ ಸುದ್ದಿ ಬಂದ ದಿನ ಅಜ್ಜಂಪುರದ ಹೋಟೆಲಿನಲ್ಲಿ ಕೂತು, ಮೇಲಿನಿಂದ ಅದಕ್ಕೆ ಹೊಲ, ತೋಟ ಎಲ್ಲಾ ಕಾಣುತ್ತೆ ಅಂತ ವಿವರಿಸುತ್ತಿದ್ದೆ. ಪಕ್ಕದ ಬೆಂಚಿನ ರೈತರೊಬ್ಬರು ಕಾಫಿ ಲೋಟ ಕೆಳಗಿಟ್ಟರು.

"ನಮ್ ದಾಯಾದಿ ಹೊಲದ ಬದು ಒತ್ತಿರೋದು ಕಾಣ್ತದಾ? ಅಮಲ್ದಾರ್ರಿಗೆ ಹತ್ರದಿಂದ ತೋರ್ಸಿದ್ರೂ ಕಾಣ್ತಿಲ್ಲ ಕಣ್ರೀ."

ಯಗಟಿಯ ಗೂಢಚಾರ

ಕೊನೆಗೂ ನನ್ನ ದಿನ ಬಂತು. ಯಗಟಿ ಬಸ್ಸಿನ ಕಂಡಕ್ಟರ್ ಓಡಿಬಂದು, "ಸಾರ್, ರಾಗಿ ಹೊಲಕ್ಕೆ ಆಕಾಶದಿಂದ ಪೆಟ್ಟಿಗೆ ಬಿದ್ದೈತೆ, ತಂತಿ ಗಿಂತಿ ಎಲ್ಲಾ ಐತೆ, ಜೊತೆಗೊಂದು ಹರಿದ ಬಲೂನು," ಅಂದ. ಇನ್ನೇನು, ಶತ್ರುಗಳ ಗೂಢಚಾರ ಯಂತ್ರವೇ! ಟ್ರಂಕ್ ಕಾಲ್ ಹಾಕಿ, "ಮುಖಪುಟ ಖಾಲಿ ಇಡಿ ಸಾರ್," ಅಂದೆ.

"ಇದೂ ಟಾರ್ಪಾಲೇ ಆದ್ರೆ ನಿನ್ನ ಕೆಲಸ ಇವತ್ತಿಗೆ ಮುಗೀತು," ಅಂದರು ಸಂಪಾದಕರು.

ಹೋಗಿ ನೋಡಿದರೆ ಹೊಲದಲ್ಲಿ ಪೆಟ್ಟಿಗೆ ಇಲ್ಲ. "ದೊಡ್ಡಿಗೆ ಹಾಕಿದೀವಿ," ಅಂದರು ಊರವರು. ಪೈರು ಮೇಯ್ದ ಬೀಡಾಡಿ ದನ ಕೂಡಿಹಾಕುವ ದೊಡ್ಡಿ! ಬಲೂನು ಗಾಳಿಗೆ ಪೆಟ್ಟಿಗೆಯನ್ನು ಎಳೆದಾಡಿ ಒಂದು ಪಟ್ಟೆ ರಾಗಿ ಮಲಗಿಸಿತ್ತಂತೆ. ದೊಡ್ಡಿ ಕಾಯುವವನು ನನಗೆ ಕಾನೂನು ಹೇಳಿದ. "ದನ ತುಳಿದ್ರೂ ಒಂದೇ, ಬಲೂನು ತುಳಿದ್ರೂ ಒಂದೇ. ವಾರಸುದಾರ ಬರ್ಲಿ, ಜುಲ್ಮಾನೆ ಕಟ್ಲಿ, ಬಿಡಿಸ್ಕೊಂಡ್ ಹೋಗ್ಲಿ." ಒಳಗೆ ಎರಡು ಎಮ್ಮೆಗಳ ಮಧ್ಯೆ ಪೆಟ್ಟಿಗೆ ಕೂತಿತ್ತು. ಒಂದು ಎಮ್ಮೆ ಬಲೂನಿನ ಅಂಚು ಜಗಿಯುತ್ತಿತ್ತು.

ಇನ್‌ಸ್ಪೆಕ್ಟರು ಸುದ್ದಿ ತಿಳಿದು ಪೊಲೀಸ್ ಜೀಪಿನಲ್ಲಿ ಬಂದರು. "ತೆಗಿಯೋ ಬಾಗ್ಲು, ದೇಶದ ಭದ್ರತೆ ವಿಷಯ!"

"ಪೆಟ್ಟಿಗೆ ನಿಮ್ದಾ ಸ್ವಾಮಿ?"

"ನಮ್ದಲ್ಲ ಕಣೋ, ಶತ್ರುಗಳದ್ದು!"

"ಹಂಗಾರೆ ಅವ್ರೇ ಬರ್ಬೇಕು. ನಿಮ್ ಕೈಗೆ ಕೊಟ್ರೆ ನಾಳೆ ಅವ್ರು ಬಂದು ನನ್ನ ಕೇಳಾಕಿಲ್ವಾ?"

ಈ ಜಗಳ ನಡೆಯುತ್ತಿರುವಾಗಲೇ ಹವಾಮಾನದ ಆಫೀಸಿನವರೊಬ್ಬರು ಬಲೂನು ಹುಡುಕಿಕೊಂಡು ಬಂದರು. "ನಮ್ಮದು ಕಣ್ರೀ ಇದು. ಮೇಲೆ ಹೋಗಿ ಗಾಳಿ, ತೇವ ಅಳೆಯುತ್ತೆ, ಅಷ್ಟೆ."

ಗೂಢಚಾರನೂ ಹೋದ, ಮುಖಪುಟವೂ ಹೋಯ್ತು, ನನ್ನ ಕೆಲಸವೂ ಹೋಯ್ತು ಅಂತ ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟೆ. ಆದರೆ ಹೊಲದ ಯಜಮಾನನ ಕಿವಿ ನೆಟ್ಟಗಾಗಿತ್ತು.

"ಮಳೆ ಹೇಳೋರು ನೀವೇನಾ? ರೇಡಿಯೋದಾಗೆ ಒಣಹವೆ ಅಂದ್ರಿ, ಕಣದಾಗೆ ಹೆಸ್ರು ಹರವಿದ್ದೆ, ಎಲ್ಲಾ ನೆಂದೋಯ್ತು." ಅಂತ ದೊಡ್ಡಿ ಕಾಯುವವನ ಕಡೆ ತಿರುಗಿದ. "ಲೇ, ಅದ್ನೂ ಸೇರ್ಸಿ ಹಾಕ್ಲಾ ಜುಲ್ಮಾನೆ!"

"ದೊಡ್ಡಿ ಜುಲ್ಮಾನೆ ಕಟ್ಟೋಕೆ ನಮಗೆ ಆರ್ಡರ್ ಇಲ್ಲಪ್ಪಾ," ಅಂತ ಹವಾಮಾನದವರು ಅಳುಮುಖ ಮಾಡಿದರು. ಕೊನೆಗೆ ಇನ್‌ಸ್ಪೆಕ್ಟರೇ ಜೇಬಿಗೆ ಕೈ ಹಾಕಿ ಭಾರತ ಸರ್ಕಾರವನ್ನು ದೊಡ್ಡಿಯಿಂದ ಬಿಡಿಸಿದರು.

ಆದದ್ದು ಆಗಲಿ ಅಂತ ಅಷ್ಟನ್ನೂ ನಡೆದ ಹಾಗೇ ಬರೆದು ಕಳಿಸಿದೆ. ಬೆಳಿಗ್ಗೆ ಸಂಪಾದಕರ ಫೋನು. ನಗು ತಡೆಯಲಾರದೆ ಕೆಮ್ಮುತ್ತಿದ್ದರು. "ಮುಖಪುಟದಲ್ಲೇ ಹಾಕಿದೀನಿ ಕಣಯ್ಯಾ! ನೀನಿನ್ನು ಖಾಯಂ!"

ನನ್ನ ಖುಷಿ ಹೇಳತೀರದು. ಪತ್ರಿಕೆ, ಮೈಸೂರುಪಾಕು ಹಿಡಿದು ಸೀದಾ ಯಗಟಿಗೆ ಹೋಗಿ ದೊಡ್ಡಿ ಕಾಯುವವನಿಗೆ ಓದಿ ಹೇಳಿದೆ. ಅವನು ಮೈಸೂರುಪಾಕು ಬಾಯಿಗೆ ಹಾಕಿಕೊಂಡು ಯೋಚಿಸಿದ.

"ಅಂದ್ರೆ ಇಷ್ಟ್ ದಿನ ನೀವು ಖಾಯಂ ಯಾರ ಕಡೆಯೋರೂ ಅಲ್ವಾ ಸಾರ್?"

"ಅಲ್ಲಪ್ಪಾ. ಸುಮ್ನೆ ಮೂರೂರು ಸುತ್ಕೊಂಡಿದ್ದೆ."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಆಮೇಲೆ ದೊಡ್ಡಿ ಬಾಗಿಲು ನೋಡಿದ.

"ಸದ್ಯ, ಆವಾಗ ನೀವು ಯಾರ ಪೈರೂ ತುಳೀಲಿಲ್ಲ ಬಿಡಿ. ತುಳಿದಿದ್ರೆ ಇನ್ನೂ ಒಳಗೇ ಇರ್ತಿದ್ರಿ."