ಅಳಿಯನ ರೇಡಿಯೋ ಫೋನು

ಪಕ್ಕದ ಕಣಿವೆಯ ಊರಿನವರು ಯಾರ ಜೊತೆ ಫೋನಿನಲ್ಲಿ ಮಾತಾಡಿದರೂ ನಡುನಡುವೆ ಟಣ್ ಟಣ್ ಎಂದು ಕಬ್ಬಿಣ ಬಡಿಯುವ ಸದ್ದು ಬರುತ್ತಿತ್ತು. ಸಾವಿನ ಸುದ್ದಿ ಹೇಳುವಾಗಲೂ ಟಣ್, ಮದುವೆ ಮಾತಾಡುವಾಗಲೂ ಟಣ್. ಸಹಿಸುವಷ್ಟು ಸಹಿಸಿ ಅವರು ಇಲಾಖೆಗೆ ಒಂದು ದೂರು ಬರೆದರು. ಅಳಿಯನ ಗ್ರಹಚಾರ ಕೆಟ್ಟದ್ದು ಅಲ್ಲಿಂದ.

ಅಳಿಯನಿಗೆ ಸ್ವಂತ ಹೆಸರಿಲ್ಲವೆಂದಲ್ಲ. ಆದರೆ ಹೆಂಡತಿಯ ತವರಿನಲ್ಲೇ ಬೀಡುಬಿಟ್ಟವನನ್ನು ಊರು ಹೆಸರು ಹಿಡಿದು ಕರೆಯುತ್ತದೆಯೇ? ಬಂದ ದಿನದಿಂದ ಅವನು ಮನೆಅಳಿಯ. ಅಂಗಡಿಯಲ್ಲಿ ನಿಂತರೆ "ಮನೆಅಳಿಯನಿಗೇನಪ್ಪ ಅವಸರ" ಎಂದು ಹಿಂದಕ್ಕೆ ಸರಿಸುತ್ತಿದ್ದರು. ತಂತಿ ಬಾರದ ಆ ಗುಡ್ಡಗಾಡಿಗೆ ರೇಡಿಯೋ ಫೋನು ಮಂಜೂರಾಗಿ, ಓದುಬರಹ ಬಲ್ಲವನೆಂದು ಲೈಸೆನ್ಸು ಅವನ ಹೆಸರಿಗೆ ಬಂದ ಮೇಲೆ ಕಾಲ ತಿರುಗಿತು. ಅದೇ ಜನ "ಫೋನಿನ ಯಜಮಾನ್ರೇ" ಎನ್ನತೊಡಗಿದರು. ಆ ಮಾತು ಕಿವಿಗೆ ಬಿದ್ದರೆ ಸಾಕು, ಅವನಿಗೆ ಎರಡು ಹೊತ್ತಿನ ಊಟ ಬೇಡವಾಗುತ್ತಿತ್ತು.

ತೊಡಕಿದ್ದದ್ದು ಜಾಗದಲ್ಲಿ. ಈ ಫೋನಿನ ಮಾತು ಗಾಳಿಯಲ್ಲಿ ಬರುವಂಥದ್ದು. ಸರ್ಕಾರವೋ ಗದ್ದೆಗೆ ಬದು ಹಾಕಿದಂತೆ ಗಾಳಿಯಲ್ಲೂ ಗೆರೆ ಎಳೆದು, ಈ ತರಂಗ ಇಂಥ ಊರಿಗೆ, ಸೆಟ್ಟು ಇಂಥ ಮನೆಯಲ್ಲೇ ಇರತಕ್ಕದ್ದು ಎಂದು ಲೈಸೆನ್ಸಿನಲ್ಲಿ ಬರೆದಿತ್ತು. ಬರೆದದ್ದು ಅತ್ತೆಯ ಮನೆಯ ನಡುಮನೆ. ಆ ಮನೆಗೆ ಎದುರಿನ ಗುಡ್ಡ ಅಡ್ಡ. ಸೆಟ್ಟು ಅಲ್ಲಿ ಗೊರಗೊರ ಎನ್ನುವುದು ಬಿಟ್ಟು ಬೇರೇನೂ ಮಾಡಲಿಲ್ಲ. ಊರೆಲ್ಲ ಹೊತ್ತು ತಿರುಗಿದ ಮೇಲೆ ದಿಬ್ಬದ ಮೇಲಿನ ಕಮ್ಮಾರನ ಕುಲುಮೆಯಲ್ಲಿ ಅದು ಬಾಯಿಬಿಟ್ಟಿತು. ಅಳಿಯ ಯಾರನ್ನೂ ಕೇಳದೆ ಅಲ್ಲೇ ಇಟ್ಟ. ಅಷ್ಟು ಎತ್ತರದಿಂದ ತರಂಗ ಗುಡ್ಡ ಹಾರಿ ಪಕ್ಕದ ಕಣಿವೆಗೂ ಹೋಗುತ್ತದೆ, ಹೋಗುವಾಗ ಸುತ್ತಿಗೆಯ ಸದ್ದನ್ನೂ ಒಯ್ಯುತ್ತದೆ ಎಂದು ಅವನೇನು ಕನಸು ಕಂಡಿದ್ದನೇ?

ಬೆಳಗಿನ ಬಸ್ಸಿನ ಕಂಡಕ್ಟರ್ ಸುದ್ದಿ ತಂದ. "ಯಜಮಾನ್ರೇ, ಫೋನಿನ ಇನ್ಸ್‌ಪೆಕ್ಟರು ಮಧ್ಯಾಹ್ನದ ಬಸ್ಸಿಗೆ ಬರ್ತಾರಂತೆ. ಬರೆದ ಜಾಗದಲ್ಲಿ ಸೆಟ್ಟಿಲ್ಲ ಅಂದ್ರೆ ಲೈಸೆನ್ಸ್ ರದ್ದು!"

ಅಳಿಯನ ಜೀವ ಬಾಯಿಗೆ ಬಂತು. ರದ್ದಾದರೆ ಮತ್ತೆ ಅದೇ ಅಂಗಡಿ, ಅದೇ 'ಮನೆಅಳಿಯನಿಗೇನಪ್ಪ ಅವಸರ'. ಕುಲುಮೆಗೆ ಓಡಿದ.

"ಅಯ್ಯೋ, ಇಷ್ಟೇನಾ?" ಎಂದು ಕಮ್ಮಾರ ಸುತ್ತಿಗೆ ಕೆಳಗಿಟ್ಟ. "ಸೆಟ್ಟು ಹೊತ್ಕೊಂಡು ಹೋಗಿ ನಡುಮನೇಲಿ ಇಟ್ರಾಯ್ತು."

"ಅಲ್ಲಿ ಅದು ಮಾತಾಡಲ್ವಲ್ಲಪ್ಪ!"

"ಅದು ಮಾತಾಡ್ದಿದ್ರೆ ನಾವು ಮಾತಾಡೋಣ."

ಸಭೆ ಸಮಾರಂಭಗಳಿಗೆ ಮೈಕ್ ಸೆಟ್ಟು ಬಾಡಿಗೆ ಕೊಡುವವನೊಬ್ಬ ಕತ್ತಿ ಸಾಣೆ ಹಿಡಿಸಲು ಅಲ್ಲಿ ಕೂತಿದ್ದ. ಅವನಿಗೆ ಕತ್ತಿ ಮರೆತೇಹೋಯಿತು. ಅಟ್ಟದಲ್ಲಿ ಮೈಕು, ಅಲ್ಲಿಂದ ಫೋನಿನ ಪೆಟ್ಟಿಗೆಯ ಸ್ಪೀಕರಿಗೆ ಒಂದು ತಂತಿ. ಅಟ್ಟದಲ್ಲಿ ಮಾತಾಡಿದರೆ ಪೆಟ್ಟಿಗೆಯಲ್ಲಿ ಕೇಳುತ್ತದೆ, ದೇವರಿಗೂ ಗೊತ್ತಾಗುವುದಿಲ್ಲ ಎಂದ. ಬೇಡವೆಂದು ಹೇಳುವ ಧೈರ್ಯ ಅಳಿಯನಿಗೆ ಇರಲಿಲ್ಲ.

ಉಳಿದದ್ದು ಅತ್ತೆಯ ಪ್ರಶ್ನೆ. ಆಕೆ ಜನ್ಮದಲ್ಲಿ ಸುಳ್ಳಾಡಿದವರಲ್ಲ. ಇನ್ಸ್‌ಪೆಕ್ಟರು ಕೇಳಿದರೆ "ಅದು ಕುಲುಮೇಲಿ ಇರೋದು" ಎಂದು ದಾರಿಯನ್ನೂ ತೋರಿಸಿಬಿಡುವವರು. ಹೆಂಡತಿಯೇ ಉಪಾಯ ಹೂಡಿದಳು.

"ಅಮ್ಮಾ, ಅಟ್ಟದಲ್ಲಿ ನಿನ್ನ ಟ್ರಂಕಿಗೆ ಹೆಗ್ಗಣ ಹೊಕ್ಕ ಹಾಗಿದೆ."

ಅತ್ತೆ ಪೊರಕೆ ಹಿಡಿದು ಹತ್ತಿದರು. ಹಿಂದೆಯೇ ಕಮ್ಮಾರನೂ ಮೈಕಿನವನೂ ಹತ್ತಿದರು. ಹೆಂಡತಿ ಏಣಿ ತೆಗೆದಳು. ಮೇಲಿಂದ ಅತ್ತೆಯ ದನಿ ಬಂತು: "ಅಳಿಯಂದ್ರೇ, ಹೆಗ್ಗಣ ಎರಡಿವೆ, ಎರಡಕ್ಕೂ ಮೀಸೆ ಇದೆ! ಇದೇನು ನಾಟಕ?" ಬಸ್ಸಿನ ಹಾರನ್ನು ಕೇಳಿಸಿದ್ದರಿಂದ ಉತ್ತರ ಕೊಡಲು ಯಾರಿಗೂ ಪುರುಸೊತ್ತಾಗಲಿಲ್ಲ.

ಇನ್ಸ್‌ಪೆಕ್ಟರು ಒಣಕಲು ಮನುಷ್ಯ. ಮಾತಿಗೊಂದು ಕೆಮ್ಮು. ಸೆಟ್ಟನ್ನು ಸುತ್ತು ಹಾಕಿ ನೋಡಿದರು.

"ಇದು ಯಾವಾಗಲೂ ಇಲ್ಲೇ ಇರುತ್ತಾ?"

"ಎಲ್ಲಿಗೆ ಹೋಗುತ್ತೆ ಸಾರ್? ಅದಕ್ಕೇನು ಕಾಲಿದೆಯಾ?" ಎಂದ ಅಳಿಯ. ನಗಲು ಹೋದ, ಬಿಕ್ಕಳಿಕೆ ಬಂತು.

"ಎಲ್ಲಿ, ಎಕ್ಸ್‌ಚೇಂಜ್ ಕರೀರಿ ನೋಡೋಣ."

ಅಳಿಯ ಗುಂಡಿ ಒತ್ತಿದ. ತಿದಿಯ ಸದ್ದಿನ ಮೇಲೆ ಅರಚಿ ಅಭ್ಯಾಸವಾದ ಕಮ್ಮಾರ "ಎಕ್ಸ್‌ಚೇಂಜೂ!" ಎಂದು ಅಬ್ಬರಿಸಿದ. ಪೆಟ್ಟಿಗೆ ನಡುಗಿತು. ಅಟ್ಟದ ಹಲಗೆ ಸಂದಿಯಿಂದ ಧೂಳು ಉದುರಿ ಇನ್ಸ್‌ಪೆಕ್ಟರ ತಲೆ ಬೆಳ್ಳಗಾಯಿತು.

"ಶಬ್ದ ಮೇಲಿಂದ ಬಂದ ಹಾಗಿದೆಯಲ್ಲ?"

"ತರಂಗ ಅಲ್ವಾ ಸಾರ್, ಮೇಲಿಂದಾನೇ ಬರೋದು."

ಇನ್ಸ್‌ಪೆಕ್ಟರು ತಲೆ ಕೊಡವಿಕೊಂಡು ಅವನ ಮುಖವನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ತಾವೇ ಫೋನು ಎತ್ತಿಕೊಂಡರು. "ಎಕ್ಸ್‌ಚೇಂಜ್, ನಾನು ಇನ್ಸ್‌ಪೆಕ್ಟರ್. ನಮ್ಮನೆಗೆ ಕನೆಕ್ಷನ್ ಕೊಡಿ."

ಸಾಹೇಬರ ಮನೆಯೊಂದು ಮಧ್ಯೆ ಬರುವುದು ಅಳಿಯನ ಯೋಜನೆಯಲ್ಲಿ ಇರಲಿಲ್ಲ. ಪೆಟ್ಟಿಗೆಯಲ್ಲಿ ಕಮ್ಮಾರ ಹೆಣ್ಣುದನಿ ಮಾಡಲು ಹೋಗಿ, ಬಾಗಿಲಿಗೆ ಬಾಲ ಸಿಕ್ಕ ಬೆಕ್ಕಿನಂತೆ "ಹಲೋಓ" ಎಂದ. ಒಡನೆ ಧಡಬಡ ಸದ್ದಾಯಿತು, ಯಾರಿಗೋ ಪೊರಕೆ ಏಟು ಬಿತ್ತು. ನಂತರ ಬಂದ ದನಿ ಕೇಳಿ ಅಳಿಯ ಗೋಡೆ ಹಿಡಿದುಕೊಂಡ. ಅದು ಅತ್ತೆಯದು.

"ಊಟ ಆಯ್ತಾ?"

ಇನ್ಸ್‌ಪೆಕ್ಟರು ತಬ್ಬಿಬ್ಬಾದರು. "ಇ... ಇಲ್ಲ."

"ಯಾಕಾಗಿಲ್ಲ? ಹೊತ್ತೆಷ್ಟಾಯ್ತು ಅಂತ ಗೊತ್ತಾ? ಹೊಟ್ಟೆ ಖಾಲಿ ಬಿಟ್ಕೊಂಡು ಊರೂರು ಅಲೆದ್ರೆ ಸರ್ಕಾರ ಬಂದು ನೋಡ್ಕೊಳುತ್ತಾ ನಿಮ್ಮನ್ನ? ಆ ಕೆಮ್ಮಿಗೇನು ಮಾಡಿದ್ರಿ?"

"ಔಷಧಿ ತಗೋಬೇಕು ಅಂತಿದ್ದೆ..."

"ಅಂತಿದ್ದೆ ಅಂತಿದ್ದೆ ಅಂತಾನೇ ಎದೆ ಕಟ್ಟುತ್ತೆ. ರಾತ್ರಿ ಬಿಸಿನೀರು ಕುಡೀರಿ. ಕತ್ತಿಗೆ ಏನಾದ್ರೂ ಸುತ್ಕೊಳ್ಳಿ. ಇಷ್ಟು ವಯಸ್ಸಾದ್ಮೇಲೂ ಹೇಳಿಸ್ಕೋಬೇಕಾ?"

"ಇಲ್ಲ... ಆಯ್ತು... ಕುಡೀತೀನಿ," ಎಂದರು ಇನ್ಸ್‌ಪೆಕ್ಟರು. ಅತ್ತ ಮಾತು ನಿಂತ ಮೇಲೂ ಫೋನನ್ನು ಕಿವಿಯಿಂದ ತೆಗೆಯಲಿಲ್ಲ.

ಅಳಿಯನಿಗೆ ಹೋದ ಜೀವ ಬಂತು. ಕಳ್ಳರಿಗೂ ದೇವರಿದ್ದಾನೆ ಎಂದುಕೊಂಡ. "ನೋಡಿದ್ರಾ ಸಾರ್, ಎಷ್ಟು ಸ್ಪಷ್ಟ! ಅಮ್ಮಾವ್ರು ಪಕ್ಕದಲ್ಲೇ ಕೂತು ಮಾತಾಡಿದ ಹಾಗಿತ್ತು."

ಇನ್ಸ್‌ಪೆಕ್ಟರು ನಿಧಾನವಾಗಿ ಫೋನು ಇಟ್ಟರು. ಜೇಬಿನಿಂದ ಒಂದು ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟರು.

"ಇದು ನಮ್ಮನೆ ಬೀಗದ್ದು. ನನಗೆ ಮದುವೆ ಆಗಿಲ್ಲ. ಮನೇಲಿ ಇರೋನು ನಾನೊಬ್ಬನೇ. ಅಲ್ಲಿ ಫೋನೂ ಇಲ್ಲ."

ಅಳಿಯನಿಗೆ ಮತ್ತೆ ಬಿಕ್ಕಳಿಕೆ ಬಂತು.

"ಮೇಲಿರೋರನ್ನ ಇಳಿಸ್ರಿ."

ಹೆಂಡತಿ ಏಣಿ ಇಟ್ಟಳು. ಮೈಕಿನವನು ಇಳಿದ, ಮೂಗಿನ ಮೇಲೆ ಪೊರಕೆಯ ಗುರುತಿದ್ದ ಕಮ್ಮಾರ ಇಳಿದ. ಕೊನೆಗೆ ತಲೆತುಂಬ ಜೇಡರ ಬಲೆ ಹೊತ್ತು ಅತ್ತೆ ಇಳಿದರು.

"ಸಾರ್, ನಮ್ಮತ್ತೆಗೆ ಏನೂ ಗೊತ್ತಿಲ್ಲ, ಸುಳ್ಳು ಹೇಳಿಸಿದ್ದು ನಾನು..." ಎಂದು ಅಳಿಯ ಕೈ ಮುಗಿದ.

"ಯಾರು ಸುಳ್ಳು ಹೇಳಿದ್ದು?" ಅತ್ತೆ ಸಿಡುಕಿದರು. "ನಾನು ಇವರ ಹೆಂಡ್ತಿ ಅಂದ್ನಾ? ಊಟ ಆಯ್ತಾ ಅಂತ ಕೇಳ್ದೆ. ಆಗಿಲ್ಲ ಅಂದ್ರು, ಬೈದೆ. ಸೆಟ್ಟಿನ ವಿಷ್ಯ ಕೇಳ್ತೀರಾ? ಅದು ಕುಲುಮೇಲಿ ಇರೋದು, ಇವತ್ತು ಹೊತ್ಕೊಂಡು ಬಂದ್ರು. ಈಗ ಮೊದ್ಲು ಎದ್ದು ಕೈ ತೊಳ್ಕೊಳ್ಳಿ."

ಇನ್ಸ್‌ಪೆಕ್ಟರು ಎರಡು ಸಲ ಬಡಿಸಿಕೊಂಡು ಉಂಡರು. ಉಂಡಾದ ಮೇಲೆ ಸೆಟ್ಟನ್ನು ಮತ್ತೆ ಕುಲುಮೆಗೆ ಹೊರಿಸಿಕೊಂಡು ಹೋಗಿ ಜಾಗ ನೋಡಿದರು. "ಜಾಗ ಬದಲಾಯಿಸ್ಬೇಕು ಅಂತ ಒಂದು ಅರ್ಜಿ ಕೊಟ್ಟಿದ್ರೆ ಅವತ್ತೇ ಒಪ್ಪಿಗೆ ಸಿಗ್ತಿತ್ತಲ್ರೀ! ಇಷ್ಟೆಲ್ಲ ಯಾಕೆ?" ಎಂದರು. ಪಕ್ಕದ ಕಣಿವೆಗೆ ಅಡ್ಡಬಾರದಂತೆ ಖಾಲಿ ಇದ್ದ ಬೇರೊಂದು ತರಂಗಕ್ಕೆ ಸೆಟ್ಟನ್ನು ತಾವೇ ತಿರುಗಿಸಿಕೊಟ್ಟರು. ಲೈಸೆನ್ಸು ರದ್ದಾಗಲಿಲ್ಲ. ಅಳಿಯನ ಕಣ್ಣಲ್ಲಿ ನೀರೇ ಬಂತು.

"ಆದ್ರೆ ಒಂದು ಮಾತು," ಎಂದರು ಇನ್ಸ್‌ಪೆಕ್ಟರು ಪೆನ್ನು ತೆಗೆಯುತ್ತ. "ಸುಳ್ಳು ಹೇಳಿದವರ ಹೆಸರಲ್ಲಿ ಇದನ್ನ ಬಿಡೋಕೆ ನಿಯಮದಲ್ಲಿ ಅವಕಾಶ ಇಲ್ಲ. ಇಡೀ ಮನೇಲಿ ಕೇಳಿದ್ದಕ್ಕೆ ನಿಜ ಹೇಳಿದವರು ಒಬ್ಬರೇ. ಫೋನಲ್ಲಿ ಮಾತಾಡೋಕೂ ಅವರಿಗೇ ಬರುತ್ತೆ." ಲೈಸೆನ್ಸಿನಲ್ಲಿ ಜಾಗವನ್ನು ಕುಲುಮೆ ಎಂದು ತಿದ್ದಿ, ಹಳೆಯ ಹೆಸರಿನ ಮೇಲೆ ಗೆರೆ ಎಳೆದು ಅತ್ತೆಯ ಹೆಸರು ಬರೆದರು.

ಸಂಜೆಯ ಬಸ್ಸಿಗೆ ಅವರು ಹೊರಟರು. ಬಸ್ಸು ತಿರುವು ದಾಟುವ ಹೊತ್ತಿಗೆ ಕುಲುಮೆಯಲ್ಲಿ ಫೋನು ಬಡಿದುಕೊಂಡಿತು. ಅಭ್ಯಾಸಬಲದಿಂದ ಅಳಿಯ ಕೈ ಚಾಚಿದ. ಅತ್ತೆ ಆ ಕೈಯನ್ನು ಪಕ್ಕಕ್ಕೆ ಸರಿಸಿ, ಸ್ಟೂಲಿನ ಮೇಲೆ ನೆಟ್ಟಗೆ ಕೂತು, ಗುಂಡಿ ಒತ್ತಿದರು.

"ಹಲೋ... ಯಾರು ಬೇಕು? ಕೆಳಗಿನ ಬೀದಿ ಬಡಗೀನಾ? ಹಿಡ್ಕೊಂಡಿರಿ, ಕರೆಸ್ತೀನಿ. ಹೊತ್ತೇನೂ ಆಗಲ್ಲ, ಓಡೋಕೆ ನಮ್ಮ ಮನೆಅಳಿಯ ಇದಾನೆ."